ಮೈದಾನಕ್ಕೆ ಬೆನ್ನು

ಹತ್ತೊಂಬತ್ತು ವರ್ಷವಾಯಿತು, ಭದ್ರಾವತಿಯ ಈ ಮೈದಾನದಲ್ಲಿ
ನಾನು ಒಂದು ಗೋಲೂ ನೋಡಿಲ್ಲ.
ನಿಲ್ಲುವುದೇ ಹಾಗೆ: ಆಟಕ್ಕೆ ಬೆನ್ನು, ಜನಕ್ಕೆ ಮುಖ.
ಗೋಲಾದರೆ ಮೊದಲು ಬಾಯಿಗಳು ತೆರೆಯುತ್ತವೆ,
ಆಮೇಲೆ ಕೈಗಳು ಏಳುತ್ತವೆ,
ಸದ್ದು ಕೊನೆಗೆ ಬಂದು ಎದೆಗೆ ಗುದ್ದುತ್ತದೆ.
ತಪ್ಪಿಹೋದರೆ ಅದೇ ಬಾಯಿಗಳು, ಕೈ ಮಾತ್ರ ತಲೆ ಮೇಲೆ.
ಆಫ್‌ಸೈಡ್ ಆದರೆ ನನ್ನನ್ನೇ ಬೈಯುತ್ತಾರೆ,
ಹತ್ತಿರ ಇರುವವನು ನಾನೇ ಅಲ್ಲವೇ.

ಒಂಬತ್ತು ಮೆಟ್ಟಿಲ ಗ್ಯಾಲರಿ.
ಕೆಳಗೆ ಕುಲುಮೆಯ ಕಿಟ್ಟ ತುಂಬಿ ಮೇಲೆ ಸಿಮೆಂಟು ಬಳಿದದ್ದು.
ಮೂರನೆಯದರ ಮೂಲೆ ಮುರಿದಿದೆ; ಹಳದಿ ಬಣ್ಣ ನಾನೇ ಹಚ್ಚಿದೆ,
ಕ್ಲಬ್ಬಿನ ದುಡ್ಡಲ್ಲ, ಮಗಳ ಸೈಕಲ್ಲಿಗೆ ತಂದು ಉಳಿದ ಡಬ್ಬಿ.

ಕೆಲಸ ಕಲಿಸಿದವರು ಅರುಳಪ್ಪ ಮೇಸ್ತ್ರಿ,
ರೋಲಿಂಗ್ ಮಿಲ್ಲಿನಲ್ಲಿ ಮೂರು ಬೆರಳು ಬಿಟ್ಟು ಬಂದವರು.
"ಗೇಟು ಹೊರಕ್ಕೆ ತೆರೀಬೇಕು.
ಬೀಗ ಇದ್ರೆ ಕೀಲಿ ಮನುಷ್ಯನ ಸೊಂಟದಲ್ಲಿರ್ಬೇಕು, ಮೊಳೆ ಮೇಲಲ್ಲ.
ಮೊಳೆ ಓಡಿ ಬರಲ್ಲ."
ಇಷ್ಟೇ ಪಾಠ. ಜೊತೆಗೆ ಮೂವತ್ತಾರು ಹುಣಸೆ ಬೀಜ:
ಐವತ್ತು ಜನ ಒಳಗೆ ಹೋದರೆ ಒಂದು ಬೀಜ
ಬಲ ಜೇಬಿನಿಂದ ಎಡ ಜೇಬಿಗೆ.
ಬಲ ಜೇಬು ಖಾಲಿಯೋ, ಗೇಟು ಬಂದ್.
ಆಮೇಲೆ ಅಧ್ಯಕ್ಷರ ಭಾವಮೈದ ಬಂದರೂ ಅಷ್ಟೇ.

ಬಂದಿದ್ದರು ಕೂಡ, ಆ ಫೈನಲ್ ದಿನ,
ಜೀಪಿನಲ್ಲಿ, ಏಳು ಜನರ ಸಮೇತ.
"ಏಳು ಜನಕ್ಕೆ ಎಷ್ಟು ಜಾಗ ಬೇಕಯ್ಯ?"
ಏಳು ಜನಕ್ಕಲ್ಲ ಸಾರ್, ನಿಮ್ಮ ಹಿಂದೆ ನಿಂತ ಇನ್ನೂರು ಜನಕ್ಕೆ.
ನನ್ನ ತಾಯಿಯ ವಿಷಯ ಏನೋ ಅಂದರು.
ಬೀಜ ಎಣಿಸುವವನಿಗೆ ಕಿವಿ ಇರಬಾರದು.
ಎಲ್ಲರನ್ನೂ ರಸ್ತೆಯಾಚೆ ಸರಿಸು ಅಂತ
ಇಲಿಯಾಸನನ್ನು ಕಳಿಸಿದೆ.

ಎಪ್ಪತ್ತೊಂದನೇ ನಿಮಿಷ ಇರಬೇಕು, ಲೈಟು ಹೋಯಿತು.
ನಾಲ್ಕೂ ಕಂಬ. ಕಾರ್ಖಾನೆ ಕಡೆಯೂ ಕತ್ತಲು, ಹೊಳೆ ಕಡೆಯೂ.
ಮೊದಲು ಕೇಕೆ, ಸಿಳ್ಳೆ, ತಮಾಷೆ.
ಆಮೇಲೆ ಆ ಸದ್ದು:
ಸಿಮೆಂಟಿನ ಮೇಲೆ ಚಪ್ಪಲಿಗಳು
ಒಂದೇ ದಿಕ್ಕಿಗೆ ಉಜ್ಜುವ ಸದ್ದು.

ಪೀಪಿ ತುಟಿಗೆ ಬಂದಿತ್ತು, ಇಳಿಸಿದೆ.
ಕತ್ತಲಲ್ಲಿ ಪೀಪಿ ಅಂದರೆ ಓಡು ಅಂತಲೇ ಅರ್ಥ.
ಟಾರ್ಚನ್ನು ಮುಖಗಳಿಗೆ ಬಿಡಲಿಲ್ಲ, ಹಳದಿ ಮೂಲೆಗೆ ಬಿಟ್ಟೆ.
ಕೀಲಿ ತಿರುಗಿಸಿ ಗೇಟನ್ನು ಹೊರಕ್ಕೆ ನೂಕಿದೆ.
ಹೊರಗಿಂದ ಬೆಳಕು ಬಿತ್ತು, ಅದನ್ನೂ ಹೇಳಬೇಕು,
ಭಾವಮೈದನ ಜೀಪಿನದು.

ಆಮೇಲೆ ಕೂಗಿದೆ. ಜನರೇ ಅಂತ ಅಲ್ಲ;
ಜನ ಅಂದರೆ ಯಾರೂ ತಿರುಗುವುದಿಲ್ಲ.
"ಬೋರಯ್ಯಾ, ಆರನೇ ಮೆಟ್ಟಿಲು, ಕೂತ್ಕೋ.
ಸೆಲ್ವಿಯಕ್ಕಾ, ಕಡಲೆ ಬುಟ್ಟಿ ದಾರೀಲಿ ಬೇಡ, ಮಡಿಲಿಗೆ ತಗೋ.
ಪೇಪರ್‌ಟೌನ್ ಡ್ರಮ್ಮಿನವ್ರೇ, ಬಾರಿಸ್ರೀ, ಮೆಲ್ಲಗೆ,
ಮದುಮಗಳು ಹಸೆಗೆ ನಡೆದು ಬರೋ ಹಾಗೆ."
ಹೆಸರು ಕೇಳಿದವನು ಕೂತ.
ಹಿಂದಿನವನು ಅವನಿಗೆ ಎಡವಿ, ಬೈದು, ತಾನೂ ಕೂತ.
ಸಾವಿರದ ಎಂಟುನೂರು ಜನರಲ್ಲಿ
ನನಗೆ ಗೊತ್ತಿದ್ದದ್ದು ನಲವತ್ತು ಹೆಸರು.
ಅವು ಮುಗಿದ ಮೇಲೆ ಸುಮ್ಮನೆ "ಮಂಜಾ" ಅಂದೆ,
ಹತ್ತು ಜನ ಮಂಜರು ಕೂತರು.

ಹದಿನಾಲ್ಕು ನಿಮಿಷ.
ಮರುದಿನ ಪತ್ರಿಕೆಯಲ್ಲಿ ಗೋಲು ಹೊಡೆದವನ ಫೋಟೋ,
ಗ್ಯಾಲರಿಯ ಬಗ್ಗೆ ಒಂದು ಸಾಲೂ ಇಲ್ಲ.
ಅರುಳಪ್ಪ ಮೇಸ್ತ್ರಿ ಎರಡು ಸಲ ಓದಿ, ಮಡಚಿ,
"ಒಳ್ಳೇದಾಯ್ತು" ಅಂದರು.

ಬೆಳಗ್ಗೆ ಮೆಟ್ಟಿಲು ಗುಡಿಸುವಾಗ ಸಿಕ್ಕಿದ್ದು ಹನ್ನೊಂದು ಒಂಟಿ ಚಪ್ಪಲಿ.
ಬೇಲಿಗೆ ಸಾಲಾಗಿ ಸಿಕ್ಕಿಸಿದೆ. ಹತ್ತನ್ನು ವಾರದೊಳಗೆ ಒಯ್ದರು.
ಒಬ್ಬ ಕಾಲಿಗೆ ಏರಿಸುತ್ತಾ ಕೇಳಿದ,
"ಆ ಎರಡನೇ ಗೋಲು ಹೆಂಗಿತ್ತಣ್ಣ?"
ನಿನ್ನ ಬಾಯಲ್ಲಿ ಒಂದು ದವಡೆ ಹಲ್ಲಿಲ್ಲ,
ನಾನು ನೋಡಿದ್ದು ಅಷ್ಟೇ, ಅಂದೆ.

ಉಳಿದದ್ದು ಕೆಂಪು ಪಟ್ಟಿಯದು, ನನ್ನ ಅಂಗೈಯಷ್ಟು.
ಈಗ ಪ್ರತಿ ಆಟಕ್ಕೂ ಮುಖ ನೋಡುವ ಮೊದಲು ಕಾಲು ನೋಡುತ್ತೇನೆ,
ಕೆಳಗಿನ ಮೆಟ್ಟಿಲಿನಿಂದ ಒಂಬತ್ತನೆಯದರವರೆಗೆ.
ಕೇಳಿಕೊಂಡು ಯಾರೂ ಬರಲಿಲ್ಲ.
ಆ ಕಾಲು ಇಷ್ಟರಲ್ಲಿ ಬೆಳೆದಿರಬೇಕು, ಇದರಲ್ಲಿ ಹಿಡಿಯಲಾರದು.
ಬೆಳೆದಿರಲಿ.